ದವಡೆ ಕೂರಿಸುವ ಹೆಬ್ಬೆರಳು

ಕಳಸದ ತೋಟದಲ್ಲಿ ಯಾರೋ ಬಾಯ್ತುಂಬ ಆಕಳಿಸುತ್ತಾರೆ. ಬಾಯಿ ಮುಚ್ಚುವುದೇ ಇಲ್ಲ. ಕೆಳದವಡೆಯ ಗುಂಡನೆಯ ತುದಿ ಕೀಲಿನ ಮುಂದಿನ ದಿಬ್ಬ ದಾಟಿ ಸಿಕ್ಕಿಕೊಂಡಿರುತ್ತದೆ.

ವೈದ್ಯರ ಕೈಚಳಕ ಕಾಣುವುದು ಆಗಲೇ. ಬಟ್ಟೆ ಸುತ್ತಿದ ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತುತ್ತಾರೆ. ಹಿಪೊಕ್ರಾಟಿಸನ ಹೆಸರು ಹೊತ್ತ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ದವಡೆ ಪದೇ ಪದೇ ಜಾರುವವರಿಗೆ 1964ರಲ್ಲಿ ಬ್ರಾಖ್‌ಮನ್ ಎಂಬವರು ವರದಿ ಮಾಡಿದ ಉಪಾಯ ಇನ್ನೂ ಸೊಗಸು: ರೋಗಿಯ ತೋಳಿನಿಂದ ತೆಗೆದ ರಕ್ತವನ್ನೇ ಕೀಲಿನೊಳಗೂ ಸುತ್ತಲೂ ಚುಚ್ಚುವುದು. ಅಲ್ಲಿ ನಾರಿನಂಥ ಅಂಗಾಂಶ ಬೆಳೆದು ದವಡೆಯ ಅತಿಯಾದ ಓಡಾಟಕ್ಕೆ ಕಡಿವಾಣ ಬೀಳುತ್ತದೆ. ಚುಚ್ಚಿದ ಮೇಲೆ ಕೆಲಕಾಲ ತಲೆಗೆ ಪಟ್ಟಿ, ಮೆತ್ತನೆಯ ಊಟ. ಫಲಿಸದಿದ್ದರೆ ದಿಬ್ಬವನ್ನೇ ತರಿಯುವ ಶಸ್ತ್ರಚಿಕಿತ್ಸೆಯಿದೆ.

ಸಿಕ್ಕಿಕೊಂಡ ದವಡೆ ಕೂರಿಸುವುದು ತಡವಾದಷ್ಟೂ ಸ್ನಾಯು ಬಿಗಿಯುತ್ತದೆ. ಮೂಡಿಗೆರೆಯಾಗಲಿ, ಚಿಕ್ಕಮಗಳೂರಾಗಲಿ, ಮನೆಯಲ್ಲಿ ಎಳೆದಾಡದೆ ನೇರ ಆಸ್ಪತ್ರೆಗೆ ಹೋಗಿ.