ಹೊಲದ ಮೋಟಾರಿಗೊಂದು ಸಿಮ್

ದೂರದಿಂದಲೇ ಕಾರು ಸ್ಟಾರ್ಟ್ ಮಾಡುವ ರಿಮೋಟಿಗೆ ಪೇಟೆಯವರು ಬೆರಗಾಗಲಿ. ತಾವರಗೇರಾ ಸೀಮೆಯ ರೈತರಿಗೆ ಅದಕ್ಕಿಂತ ಉಪಯೋಗದ್ದು ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್. ತ್ರೀಫೇಸ್ ಕರೆಂಟು ಅಪರಾತ್ರಿ ಬಂದರೂ ಹಾವು ಚೇಳಿನ ಬದು ತುಳಿಯಬೇಕಿಲ್ಲ. ಮಲಗಿದಲ್ಲಿಂದಲೇ ಒಂದು ಕಾಲ್. ಡಬ್ಬಿಯೊಳಗಿನ ಸಿಮ್ ಕರೆ ಹಿಡಿಯುತ್ತದೆ, ರಿಲೇ ಟಕ್ಕೆನ್ನುತ್ತದೆ, ಮೋಟಾರು ಹೊರಡುತ್ತದೆ.

ನನ್ನ ಮೆಚ್ಚುಗೆ ಹೆಚ್ಚಾಗಿ ಅದನ್ನು ಕೂಡಿಸುವವನ ಕೈಗೆ. ಹಳೇ ಸ್ಟಾರ್ಟರನ್ನು ಆತ ಕಿತ್ತೆಸೆಯುವುದಿಲ್ಲ. ಹಸಿರು ಗುಂಡಿಯ ಎರಡೂ ತುದಿಗೆ ಡಬ್ಬಿಯ ರಿಲೇಯಿಂದ ವೈರು ಜೋಡಿಸುತ್ತಾನೆ. ಕೆಂಪು ಗುಂಡಿಯ ದಾರಿಯನ್ನು ಕತ್ತರಿಸಿ ನಡುವೆ ಇನ್ನೊಂದು ರಿಲೇ ಕೂಡಿಸುತ್ತಾನೆ. ಕೈಯಿಂದ ಒತ್ತಿದರೂ ನಡೆಯಬೇಕಲ್ಲ! ಒಂದು ಫೇಸ್ ಹೋದರೆ ಮೋಟಾರು ಸುಡುತ್ತದೆ. ಒಳ್ಳೆಯ ಡಬ್ಬಿ ಅಷ್ಟರೊಳಗೆ ನಿಲ್ಲಿಸುತ್ತದೆ. ಬೋರು ಬತ್ತಿ ಕರೆಂಟಿನ ಎಳೆತ ಇಳಿದಾಗಲೂ ಅಷ್ಟೇ. ರೀಚಾರ್ಜಿನ ಖರ್ಚು ಬೇರೆ, ನಿಜ. ಆಂಟೆನಾ ಮಾತ್ರ ಕಬ್ಬಿಣದ ಪೆಟ್ಟಿಗೆಯ ಹೊರಗಿರಬೇಕು. ಒಳಗಿದ್ದರೆ ಸಿಗ್ನಲ್ ಸಿಗುವುದು ಕಷ್ಟ.