ಮಣಿಕಟ್ಟಿನ ಬಾಗಿಲು

ಆಂಜಿಯೋಪ್ಲಾಸ್ಟಿ ಎಂದರೆ ಎಲ್ಲರ ಬಾಯಲ್ಲೂ ಸ್ಟೆಂಟ್‌ನದೇ ಮಾತು. ನನ್ನ ಮೆಚ್ಚುಗೆಯೆಲ್ಲ ಅದು ಒಳಹೋಗುವ ಬಾಗಿಲಿನ ಮೇಲೆ: ವೈದ್ಯರು ನಾಡಿ ಹಿಡಿದು ನೋಡುವ ಜಾಗದಲ್ಲಿ ಮಿಡಿಯುವ ರೇಡಿಯಲ್ ಧಮನಿ. ಒಳಅಗಲ ಹೆಚ್ಚುಕಡಿಮೆ ಎರಡು, ಎರಡೂವರೆ ಮಿಲಿಮೀಟರ್. 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೃದ್ರೋಗ ತಜ್ಞ ಫರ್ಡಿನೆಂಡ್ ಕೀಮೆನೈ ಈ ದಾರಿಯಲ್ಲಿ ಹೃದಯದತ್ತ ಬಲೂನು ಸಾಗಿಸಿದರು. ಆಗೆಲ್ಲ ತೊಡೆಸಂದಿಯೇ ರೂಢಿ.

ಈ ದಾರಿಯಲ್ಲಿ ಇಳಿಸುವ ಕೊಳವೆಗಳ ಅಳತೆ ಫ್ರೆಂಚ್‌ನಲ್ಲಿ. ಒಂದು ಫ್ರೆಂಚ್ ಅಂದರೆ ಮಿಲಿಮೀಟರಿನ ಮೂರನೇ ಒಂದು ಪಾಲು. 6 ಫ್ರೆಂಚ್ ಕ್ಯಾತಿಟರ್‌ನ ಹೊರಅಗಲ 2 ಮಿ.ಮೀ. ಆದರೆ ಕ್ಯಾತಿಟರ್ ಹಾಯುವ ಹೊರಕೊಳವೆಯಾದ ಶೀತ್‌ಗೆ 6 ಎಂದಾಗ ಅದು ಒಳಗಿನ ಲೆಕ್ಕ. ಗೋಡೆ ಸೇರಿದರೆ ಸುಮಾರು ಎರಡೂವರೆ! ಸಣಕಲು ಕೈಯಲ್ಲಿ ಇಷ್ಟಕ್ಕೇ ಧಮನಿ ಮುನಿಸಿಕೊಂಡು ಮುದುಡಿ, ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ; ಮುಂಗೈ ನೋಯುತ್ತದೆ. ಒಳಪದರಕ್ಕೆ ಪೆಟ್ಟಾದರೆ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚಬಹುದು. ಅದಕ್ಕೇ ಗೋಡೆಯನ್ನು ತೆಳುವಾಗಿಸಿದ ಶೀತ್‌ಗಳು ಬಂದವು, ಶೀತ್ ಇಲ್ಲದೆಯೇ ಇಳಿಯುವ ಗೈಡ್ ಕ್ಯಾತಿಟರ್‌ಗಳೂ ಬಂದವು. ಒದ್ದೆಯಾದೊಡನೆ ಲೋಳೆಸರದಂತೆ ಜಾರುವ ಲೇಪನ ಬೇರೆ. ಮಿಲಿಮೀಟರಿನ ಹತ್ತನೇ ಒಂದು ಪಾಲಿಗಾಗಿ ಇಷ್ಟೊಂದು ತಲೆ ಓಡಿಸಿದವರಿಗೆ ಶರಣು.

ನನಗೆ ಅತಿ ಇಷ್ಟವಾದದ್ದು ಕೊನೆಯ ಕೆಲಸ, ಯಾರೂ ಕಣ್ಣೆತ್ತಿ ನೋಡದ್ದು. ಶೀತ್ ತೆಗೆದು ಗಾಳಿ ತುಂಬಿದ ಪಟ್ಟಿ ಕಟ್ಟುತ್ತಾರೆ. ನರ್ಸ್ ಸಿರಿಂಜಿನಿಂದ ಸ್ವಲ್ಪಸ್ವಲ್ಪವೇ ಗಾಳಿ ಎಳೆಯುತ್ತಾರೆ; ಒಂದು ಹನಿ ರಕ್ತ ಇಣುಕಿದೊಡನೆ ತುಸು ಗಾಳಿ ಮರಳಿ ತುಂಬುತ್ತಾರೆ. ಗಾಯದಿಂದ ರಕ್ತ ಸೋರಬಾರದು, ಧಮನಿಯೊಳಗೆ ಹರಿವು ನಿಲ್ಲಲೂಬಾರದು. ಪರೀಕ್ಷೆಗೆ ಹೆಬ್ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಕಿರುಬೆರಳಿನ ಬದಿಯ ಅಲ್ನಾರ್ ಧಮನಿಯನ್ನು ಒತ್ತಿ ಹಿಡಿಯುತ್ತಾರೆ. ಪರದೆಯಲ್ಲಿ ಅಲೆ ಏಳುತ್ತಲೇ ಇದ್ದರೆ ಪಟ್ಟಿಯ ಬಿಗಿ ಸರಿಯಾಗಿದೆ ಎಂದು ಲೆಕ್ಕ.