ಕಳುಹಿಸಿಕೊಡುವ ಊಟ

ಹರಕೆ ತೀರಿಸಿದವರು ಕಟ್ಟಿದ ಘಂಟೆಗಳಿಂದ ಪ್ರಸಿದ್ಧವಾದ ನಮ್ಮ ಚಂದಗುಳಿಯ ಗಣಪತಿಯ ಸನ್ನಿಧಿಯಲ್ಲಿ ನಿಂತಾಗಲೆಲ್ಲ, ತೀರಿಹೋದ ತಾಯ್ತಂದೆಗಳು ಮರಳಿ ಬಂದರೆಂದು ಕಟ್ಟಿದ ಘಂಟೆಯೊಂದೂ ಇಲ್ಲಿರಲಾರದೆಂಬ ಯೋಚನೆ ನನ್ನಲ್ಲಿ ಸುಳಿಯುವುದುಂಟು. ಬಾಯಿಬಿಟ್ಟು ಬೇಡಲಾರದ ಆ ಹರಕೆ ತಾನಾಗಿ ಫಲಿಸಿಬಿಟ್ಟರೆ ಏನಾದೀತೆಂಬುದೇ, ತೈಚಿ ಯಾಮಾದಾ 1987ರಲ್ಲಿ ಪ್ರಕಟಿಸಿದ, ಮರುವರ್ಷ ಯಾಮಾಮೊತೊ ಶೂಗೊರೊ ಪ್ರಶಸ್ತಿಗೆ ಪ್ರಪ್ರಥಮವಾಗಿ ಪಾತ್ರವಾದ ‘ಇಜಿನ್‌ತಾಚಿ ತೊ ನೊ ನಾತ್ಸು’ ಕಾದಂಬರಿಯ ವಸ್ತು.

ವಿವಾಹವಿಚ್ಛೇದನದ ತರುವಾಯ ಟೋಕಿಯೋದ ಬಹುಮಹಡಿ ಕಟ್ಟಡವೊಂದರಲ್ಲಿ ಏಕಾಕಿಯಾಗಿರುವ ಹರಾದ ಎಂಬ ನಡುವಯಸ್ಸಿನ ದೂರದರ್ಶನ ಲೇಖಕನು, ತಾನು ಹುಟ್ಟಿ ಬೆಳೆದ ಅಸಾಕುಸಾ ಕೇರಿಗೆ ಒಂದು ದಿನ ಹೋಗಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಅಪಘಾತದಿಂದ ಮಡಿದ ತಂದೆತಾಯಿಗಳನ್ನು, ಅವರು ಮಡಿದಾಗಿನ ಮೂವತ್ತರ ಪ್ರಾಯದಲ್ಲಿಯೇ ಕಾಣುತ್ತಾನೆ. ತಮಗಿಂತ ವಯಸ್ಸಾದ ಮಗನನ್ನು ಅವರು ಹುಡುಗನಂತೆಯೇ ಉಪಚರಿಸುತ್ತಾರೆ. ಆದರೆ ಆ ವಾತ್ಸಲ್ಯವನ್ನು ಉಂಡಷ್ಟೂ ಅವನ ದೇಹ ಕೃಶವಾಗುತ್ತದೆ. ಕಂಡವರೆಲ್ಲ ಬೆಚ್ಚುತ್ತಾರೆ, ಕನ್ನಡಿಯಲ್ಲಿ ಅವನಿಗೆ ಮಾತ್ರ ಅದು ಕಾಣದು. ಅದೇ ಕಟ್ಟಡದ ಹೆಂಗಸೊಬ್ಬಳ ಕಥೆಯೂ ಇದರೊಡನೆ ಹೆಣೆದುಕೊಂಡಿದೆ; ಅದನ್ನು ಹೇಳಿ ಓದುಗರ ಸುಖವನ್ನು ಕೆಡಿಸೆನು.

ನಮ್ಮ ಶ್ರಾದ್ಧದಲ್ಲಿ ಪಿತೃಗಳಿಗೆ ಆವಾಹನೆಯಿದ್ದಂತೆ ವಿಸರ್ಜನೆಯೂ ಉಂಟು. ಜಪಾನೀಯರ ಓಬೋನ್ ಹಬ್ಬದಲ್ಲಿಯೂ ಬರಮಾಡಿಕೊಳ್ಳುವ ಬೆಂಕಿಯಾದ ಮೇಲೆ ಕಳುಹಿಸಿಕೊಡುವ ಬೆಂಕಿಯನ್ನು ಹೊತ್ತಿಸುತ್ತಾರೆ. ಹರಾದನಿಗೆ ಕಳುಹಿಸುವ ಮನಸ್ಸೇ ಬಾರದು. ಕಡೆಗೆ ಅಸಾಕುಸಾದ ಸುಕಿಯಾಕಿ ಭೋಜನಶಾಲೆಯಲ್ಲಿ ಮೂವರೂ ಒಂದೇ ಪಾತ್ರೆಯ ಸುತ್ತ ಕೂಡುತ್ತಾರೆ. ಊಟ ಪೂರೈಸುವ ಮೊದಲೇ ತಂದೆತಾಯಿಗಳು ಮಾಸುತ್ತ ಮಾಸುತ್ತ ಇಲ್ಲವಾಗುತ್ತಾರೆ. ಎಡೆಯ ಮುಂದೆ ಕುಳಿತು ಬಲ್ಲ ನಮ್ಮ ಮಲೆನಾಡಿನವರಿಗೆ ಈ ಪ್ರಕರಣಕ್ಕೆ ಟಿಪ್ಪಣಿ ಬೇಡ.

ಈ ಕಾದಂಬರಿಯನ್ನಾಧರಿಸಿ 1988ರಲ್ಲಿ ನೊಬುಹಿಕೊ ಓಬಾಯಾಶಿ ನಿರ್ದೇಶಿಸಿದ ಚಲನಚಿತ್ರದ ಕೊನೆಯ ರಕ್ತಮಯ ಅಬ್ಬರ ನನಗೆ ಒಪ್ಪಿಗೆಯಿಲ್ಲವಾದರೂ, ಆ ಊಟದ ದೃಶ್ಯದೆದುರು ನನ್ನ ಆಕ್ಷೇಪಣೆಗಳೆಲ್ಲ ಅಡಗುತ್ತವೆ. 2023ರಲ್ಲಿ ಆಂಡ್ರ್ಯೂ ಹೇಗ್ ಕಥೆಯನ್ನು ಇಂಗ್ಲೆಂಡಿಗೊಯ್ದು, ನಾಯಕನ ಪ್ರೇಮವನ್ನು ಪುರುಷನೊಬ್ಬನತ್ತ ತಿರುಗಿಸಿ, ತಾನು ಬಾಲ್ಯ ಕಳೆದ ಮನೆಯಲ್ಲಿಯೇ ತಂದೆತಾಯಿಗಳ ದೃಶ್ಯಗಳನ್ನು ಚಿತ್ರಿಸಿದನು. ಬದುಕಿದ್ದಾಗ ಆಡಲಾಗದ ಮಾತನ್ನು ಮಗನು ತಾಯಿಯೆದುರು ಆಡುವ ಭಾಗ ಮೂಲದಲ್ಲಿಲ್ಲದ ಸಂಪತ್ತು. ಆದರೂ ಮೃತರ ಪ್ರೀತಿಯು ಜೀವಂತರನ್ನು ಸವೆಸುವುದೆಂಬ ಭಯವನ್ನು ಆತ ತೆಳುವಾಗಿಸಿದ್ದರಿಂದ, ನನ್ನ ಒಲವು ಓಬಾಯಾಶಿಯ ಕಡೆಗೇ.

ಕಾದಂಬರಿಯ ಇಂಗ್ಲಿಷ್ ಅನುವಾದ 2003ರಿಂದ ದೊರೆಯುತ್ತಿದೆ; ಬರುವ ಪಕ್ಷಮಾಸಕ್ಕೆ ಮೊದಲು ಅದನ್ನೋದಿ, ಆಮೇಲೆ ಚಿತ್ರಗಳನ್ನು ನೋಡಿರಿ.